ಹೊಸ್ತಿಲ ಸಾಮರ್ಥ್ಯದ ಅಳತೆ: ವಿಜಯಪುರ ಸೀಮೆಯ ಎರಡು ಹಳೆಯ ಮಾನಗಳೂ ಸೈಕಲ್ ಸವಾರರ ಹೊಸ ಪರೀಕ್ಷೆಯೂ

(೧)

ವಿಜಯಪುರದ ಕೋಟೆಯ ಪಶ್ಚಿಮ ಬುರುಜಿನ ಮೇಲೆ ಮಲಿಕ್-ಎ-ಮೈದಾನವೆಂಬ ತೋಪು ಇರುವುದನ್ನು ವಾಚಕರು ಬಲ್ಲರು. ಕ್ರಿ. ಶ. ೧೫೪೯ರಲ್ಲಿ ಅಹಮದನಗರದಲ್ಲಿ ಎರಕಗೊಂಡ ಈ ತೋಪಿನ ತೂಕ ಸುಮಾರು ೫೫ ಟನ್. ಪರಾಂಡಾ ಕೋಟೆಯಿಂದ ಇದನ್ನು ಇಲ್ಲಿಗೆ ಎಳೆದು ತರಲು ೪೦೦ ಎತ್ತುಗಳೂ ೧೦ ಆನೆಗಳೂ ನೂರಾರು ಆಳುಗಳೂ ಬೇಕಾದವೆಂಬ ಪ್ರತೀತಿಯುಂಟು. ಈ ಪ್ರತೀತಿಯಲ್ಲಿ ಎಳೆದ ಭಾರದ ಲೆಕ್ಕವಿದೆ, ಎಳೆದವರ ತಲೆಯೆಣಿಕೆಯೂ ಇದೆ. ಆದರೆ ದಿನಕ್ಕೆ ಎಷ್ಟು ಹರದಾರಿ ಸಾಗಿತು, ಎಷ್ಟು ಹೊತ್ತಿಗೊಮ್ಮೆ ಎತ್ತುಗಳ ಕೊರಳು ಬಿಚ್ಚಿದರು ಎಂಬ ಮಾತು ಅದರಲ್ಲಿಲ್ಲ. ಕಾಲದ ಲೆಕ್ಕವಿಲ್ಲದ ಬಲದ ಲೆಕ್ಕವು ಅರ್ಧ ಲೆಕ್ಕವೇ ಸರಿ. ಉಳಿದರ್ಧವನ್ನು ಮನುಷ್ಯನು ಹೇಗೆ ಕಂಡುಕೊಂಡನು, ಆ ಅರಿವು ಇಂದು ವಿಜಯಪುರ ಸೀಮೆಯ ಸೈಕಲ್ ಸವಾರರಿಗೆ ಯಾವ ರೂಪದಲ್ಲಿ ಬಂದು ತಲಪಿದೆ, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ವಿಜಯಪುರ ಜಿಲ್ಲೆಯು ಕರ್ನಾಟಕದ ಸೈಕಲ್ ಕ್ರೀಡೆಯ ಮುಖ್ಯ ನೆಲೆಗಳಲ್ಲೊಂದು. ರಾಜ್ಯದ ಕ್ರೀಡಾ ಇಲಾಖೆಯ ಸೈಕ್ಲಿಂಗ್ ಕ್ರೀಡಾನಿಲಯವು ವಿಜಯಪುರ ನಗರದಲ್ಲಿದೆ. ೨೦೨೪ರ ಜನವರಿಯಲ್ಲಿ ರಾಷ್ಟ್ರೀಯ ರಸ್ತೆ ಸೈಕ್ಲಿಂಗ್ ಸ್ಪರ್ಧೆಗಳು ಇಲ್ಲಿಯೇ ನಡೆದವು. ಈ ನಗರದ ಸುತ್ತಣ ನೆಲವು ಕರಿಯ ಎರೆಯ ಬಯಲು. ಉತ್ತರಕ್ಕೆ ಇಂಡಿ, ಪೂರ್ವಕ್ಕೆ ಸಿಂದಗಿ, ಆಗ್ನೇಯಕ್ಕೆ ಬಸವನ ಬಾಗೇವಾಡಿ, ಅದರಾಚೆಗೆ ಮುದ್ದೇಬಿಹಾಳ. ೧೮೮೪ರ ಮುಂಬಯಿ ಪ್ರಾಂತದ ಗ್ಯಾಸೆಟಿಯರಿನಲ್ಲಿ ಈ ನಾಲ್ಕೂ ಆಗಿನ ಜಿಲ್ಲೆಯ ಎಂಟು ವಿಭಾಗಗಳೊಳಗೆ ಎಣಿಕೆಯಾಗಿವೆ. ಮೇಲೆ ಭೀಮೆ, ಕೆಳಗೆ ಕೃಷ್ಣೆ, ನಡುವೆ ದೋಣಿ. ಜೋಳ ಬೆಳೆದು, ಮಳೆಗಾಗಿ ಮುಗಿಲು ನೋಡಿ ಬಾಳಿದ ಈ ಸೀಮೆಯ ಒಕ್ಕಲು ಮಕ್ಕಳಿಗೆ ದೇಹಬಲದ ಪರೀಕ್ಷೆಯು ಹೊಸ ಮಾತಲ್ಲ.

(೨)

ಈ ಸೀಮೆಯಲ್ಲಿ ಬಲವನ್ನು ಅಳೆಯಲು ಎರಡು ಹಳೆಯ ಮಾನಗಳಿದ್ದವು. ಒಂದು ಜಾತ್ರೆಯದು, ಇನ್ನೊಂದು ಹೊಲದ್ದು.

ಜಾತ್ರೆಯ ಮಾನವೆಂದರೆ ಸಂಗ್ರಾಣಿ ಕಲ್ಲು. ಹಿಡಿಕೆಯುಳ್ಳ ಭಾರವಾದ ಕಲ್ಲನ್ನು ತರುಣನು ಎತ್ತಬೇಕು. ಎತ್ತಿದರೆ ಗೆಲವು, ಎತ್ತದಿದ್ದರೆ ಸೋಲು. ಗುಂಡುಕಲ್ಲು ಎತ್ತುವುದು, ಜೋಳದ ಚೀಲ ಹೊರುವುದು ಇದೇ ಜಾತಿಯವು. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತುವ ಸ್ಪರ್ಧೆಯು ಸಂಕ್ರಮಣದ ಕಾಲದಲ್ಲಿ ನಡೆದುಬಂದಿದೆ. ಈ ಪರೀಕ್ಷೆಯು ಕೆಲವು ಕ್ಷಣಗಳಲ್ಲಿ ಮುಗಿಯುತ್ತದೆ. ಅದು ತೋರಿಸುವುದು ಒಡಲಲ್ಲಿ ಕೂಡಿಟ್ಟ ಬಲವನ್ನು, ಒಮ್ಮೆಗೇ ವೆಚ್ಚಮಾಡತಕ್ಕ ಬಲವನ್ನು.

ಹೊಲದ ಮಾನವೆಂದರೆ ಕೂರಿಗೆ. ಕೂರಿಗೆಯು ಬಿತ್ತುವ ಸಾಧನದ ಹೆಸರು. ಅದೇ ಹೆಸರು ಭೂಮಿಯ ಅಳತೆಗೂ ಬಂದಿದೆ. ಒಂದು ಕೂರಿಗೆಯಿಂದ ಒಂದು ದಿನದಲ್ಲಿ ಬಿತ್ತಬಹುದಾದಷ್ಟು ನೆಲವೇ ಒಂದು ಕೂರಿಗೆ ನೆಲ. ಸುಮಾರು ನಾಲ್ಕು ಎಕರೆಗೆ ಒಂದು ಕೂರಿಗೆಯೆಂದು ಎಣಿಸುವ ರೂಢಿ ಹಲವೆಡೆ ಉಂಟು. ಶಾಸನಗಳಲ್ಲಿ ಬರುವ ಮತ್ತರು ಎಂಬ ಅಳತೆಯೊಡನೆ ಇದನ್ನು ಹೋಲಿಸಿ ನೋಡಬೇಕು. ಮತ್ತರನ್ನು ಗಳೆಯಿಂದ, ಎಂದರೆ ಕೋಲಿನಿಂದ, ಅಳೆದು ಗೊತ್ತುಮಾಡುತ್ತಿದ್ದರು. ಅದು ಕೊಡುವವನ ಮತ್ತು ಬರೆಯಿಸುವವನ ಅಳತೆ. ಕೂರಿಗೆಯಾದರೋ ದುಡಿಯುವವನ ಅಳತೆ. ಕೋಲು ನೆಲದ ಅಗಲವನ್ನು ಹೇಳಿದರೆ ಕೂರಿಗೆಯು ಆಳಿನ ಮತ್ತು ಎತ್ತಿನ ಒಂದು ದಿನದ ತಾಳಿಕೆಯನ್ನು ಹೇಳುವುದು. ನಾಳೆ ಮತ್ತೆ ಹೊಲಕ್ಕೆ ಹೋಗಬೇಕಾದ ಎತ್ತನ್ನು ಇಂದೇ ಬಸವಳಿಸಬಾರದೆಂಬ ವಿವೇಕವು ಆ ಅಳತೆಯಲ್ಲಿ ಅಡಗಿದೆ.

ಹೀಗೆ ಕೂಡಿಟ್ಟ ಬಲವೊಂದು, ತಾಳಿಕೆಯ ಬಲವೊಂದು. ಸಂಗ್ರಾಣಿ ಕಲ್ಲನ್ನು ಎತ್ತಿದವನೇ ಬಿತ್ತಿಗೆಯಲ್ಲಿಯೂ ಮುಂದಾಗಬೇಕೆಂಬ ನಿಯಮವಿಲ್ಲ. ಈ ಭೇದವು ಒಕ್ಕಲಿಗನಿಗೆ ಅನುಭವದಿಂದ ತಿಳಿದಿದ್ದಿತು. ಇವೆರಡನ್ನೂ ಒಂದೇ ಲೆಕ್ಕದೊಳಗೆ ತರುವುದಕ್ಕೆ ಮಾತ್ರ ಗಡಿಯಾರವೂ ಯಂತ್ರವೂ ಬೇಕಾದವು.

(೩)

ಕೆಲಸವನ್ನು ಕಾಲದಿಂದ ಭಾಗಿಸಿದರೆ ಬರುವುದೇ ಸಾಮರ್ಥ್ಯ. ಈ ಭಾಗಾಕಾರವನ್ನು ಲೋಕರೂಢಿಗೆ ತಂದವನು ಆವಿಯ ಯಂತ್ರವನ್ನು ತಿದ್ದಿದ ಜೇಮ್ಸ್ ವಾಟ್. ತನ್ನ ಯಂತ್ರವು ಎಷ್ಟು ಕುದುರೆಗಳ ಬದಲು ದುಡಿಯಬಲ್ಲುದೆಂದು ಕೊಳ್ಳುವವರಿಗೆ ತಿಳಿಸಲು ಅವನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕುದುರೆಯ ಸಾಮರ್ಥ್ಯವನ್ನು ನಿಮಿಷಕ್ಕೆ ೩೩,೦೦೦ ಅಡಿ-ಪೌಂಡೆಂದು ಗೊತ್ತುಪಡಿಸಿದನು. ಇಂದಿನ ಲೆಕ್ಕದಲ್ಲಿ ಅದು ಸುಮಾರು ೭೪೬ ವ್ಯಾಟ್. ವ್ಯಾಟ್ ಎಂಬ ಮಾನಕ್ಕೆ ಹೆಸರು ಬಂದುದೂ ಅವನಿಂದಲೇ. ಅದೇ ಕಾಲದಲ್ಲಿ ಫ್ರಾನ್ಸಿನ ಕೂಲೊಂ ಎಂಬ ವಿದ್ವಾಂಸನು ಮನುಷ್ಯರು ದಿನವೊಂದಕ್ಕೆ ಎಷ್ಟು ಕೆಲಸ ಮಾಡಬಲ್ಲರೆಂದು ವಿಚಾರಿಸಿದನು. ಭಾರವನ್ನೂ ವೇಗವನ್ನೂ ಹಿತವಾಗಿ ಹೊಂದಿಸಿದರೆ ಅದೇ ಆಯಾಸಕ್ಕೆ ಹೆಚ್ಚು ಕೆಲಸ ದೊರೆಯುವುದೆಂಬುದು ಅವನ ವಿಚಾರದ ಸಾರ. ಇದು ನಮ್ಮ ಕೂರಿಗೆಯ ವಿವೇಕವೇ. ಆದರೆ ಅಂಕೆಯ ರೂಪದಲ್ಲಿ ಬಂದುದು. ದಿನವಿಡೀ ದುಡಿಯುವ ಆಳಿನ ಸಾಮರ್ಥ್ಯವು ಸುಮಾರು ೭೫ ವ್ಯಾಟ್, ಎತ್ತಿನದು ಅದರ ನಾಲ್ಕೈದು ಪಟ್ಟು ಎಂಬುದು ಇಂದು ವಾಡಿಕೆಯ ಎಣಿಕೆ.

೧೮೨೧ರಲ್ಲಿ ಪ್ರೋನಿ ಎಂಬ ಫ್ರೆಂಚ್ ಇಂಜಿನಿಯರನು ತಿರುಗುವ ಅಚ್ಚಿಗೆ ತಡೆಯೊಡ್ಡಿ, ಆ ತಡೆಯ ಎಳೆತದಿಂದ ಯಂತ್ರದ ಸಾಮರ್ಥ್ಯವನ್ನು ಅಳೆಯುವ ಉಪಾಯವನ್ನು ಕಂಡನು. ಮುಂದೆ ಈ ತಡೆಯನ್ನು ಸೈಕಲ್ಲಿಗೆ ಹೊಂದಿಸಿದುದರಿಂದ ಮನುಷ್ಯನ ಕಾಲಿನ ಸಾಮರ್ಥ್ಯವೂ ಅಳತೆಗೆ ಸಿಕ್ಕಿತು. ಸೈಕಲ್ಲಿನ ಮೇಲೆ ಕುಳಿತವನ ಮೈ ಹೆಚ್ಚು ಅಲುಗದು. ಕಾಲುಗಳು ಮಾತ್ರ ಒಂದೇ ವರ್ತುಲದಲ್ಲಿ ತಿರುಗುವುವು. ಆದಕಾರಣ ಅಳತೆಗೆ ಇದಕ್ಕಿಂತ ಅನುಕೂಲವಾದ ವಾಹನವಿಲ್ಲ. ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ೧೯೧೩ರಲ್ಲಿ ಇಂತಹ ಒಂದು ನಿಂತ ಸೈಕಲ್ಲನ್ನು ರಚಿಸಿ, ಸವಾರನ ಉಸಿರಾಟವನ್ನೂ ಸಾಮರ್ಥ್ಯವನ್ನೂ ಜೊತೆಯಾಗಿ ಅಳೆದನು.

(೪)

ಇನ್ನು ಹೊಸ್ತಿಲಿನ ವಿಚಾರ. ಎ. ವಿ. ಹಿಲ್ ಎಂಬ ಆಂಗ್ಲ ವಿಜ್ಞಾನಿಯು ೧೯೨೫ರಲ್ಲಿ ಓಟ, ಈಜು ಮೊದಲಾದ ಪಂದ್ಯಗಳ ದಾಖಲೆಗಳನ್ನು ತೆಗೆದುಕೊಂಡು, ಕಾಲ ಹೆಚ್ಚಿದಂತೆ ವೇಗವು ಹೇಗೆ ಇಳಿಯುವುದೆಂದು ರೇಖೆಯಲ್ಲಿ ತೋರಿಸಿದನು. ರೇಖೆಯು ಮೊದಲು ಕಡಿದಾಗಿ ಇಳಿದು ಬರಬರುತ್ತ ಮಟ್ಟಸವಾಗುವುದು. ೧೯೬೫ರಲ್ಲಿ ಮೊನೊ, ಶೆರೆರ್ ಎಂಬಿಬ್ಬರು ಫ್ರೆಂಚ್ ಸಂಶೋಧಕರು ಆ ಮಟ್ಟಕ್ಕೆ ಕ್ರಾಂತಿಕ ಸಾಮರ್ಥ್ಯವೆಂದು ಹೆಸರಿಟ್ಟರು. ಅದರ ಕೆಳಗೆ ದುಡಿದರೆ ದೇಹವು ಬಹುಕಾಲ ತಾಳುವುದು. ಮೇಲೆ ದುಡಿದರೆ ಕೂಡಿಟ್ಟ ಬಲವು ಕರಗುತ್ತ ಹೋಗಿ ಒಂದು ಗಳಿಗೆಯಲ್ಲಿ ಮುಗಿಯುವುದು.

ಇದನ್ನು ನಮ್ಮ ಸೀಮೆಯವರಿಗೆ ಹಗೇವಿನ ಮೂಲಕ ತಿಳಿಸಬಹುದು. ಮನೆಗೆ ವರುಷ ವರುಷವೂ ಬರುವ ಜೋಳದೊಳಗೇ ಸಂಸಾರವು ನಡೆದರೆ ಹಗೇವಿನ ಬಾಯಿ ತೆರೆಯಬೇಕಾಗಿಲ್ಲ. ವೆಚ್ಚವು ಬರುವುದನ್ನು ಮೀರಿತೆಂದರೆ ಹಗೇವಿನ ಜೋಳ ಇಳಿಯುತ್ತದೆ. ಎಷ್ಟು ಮೀರಿತೋ ಅಷ್ಟು ಬೇಗ ಬರಿದಾಗುತ್ತದೆ. ಬರುವ ಜೋಳವೇ ಕ್ರಾಂತಿಕ ಸಾಮರ್ಥ್ಯ, ಹಗೇವಿನ ಜೋಳವೇ ಕೂಡಿಟ್ಟ ಬಲ. ಒಬ್ಬನು ಒಂದು ಅವಧಿಯಲ್ಲಿ ಮಾಡಬಲ್ಲ ಒಟ್ಟು ಕೆಲಸವು ಹಗೇವಿನ ದಾಸ್ತಾನಿಗೆ ಆ ಕಾಲದ ಬರವನ್ನು ಕೂಡಿಸಿದಷ್ಟು. ಸಂಗ್ರಾಣಿ ಕಲ್ಲೂ ಕೂರಿಗೆಯೂ ಒಂದೇ ಸಾಲಿನ ಲೆಕ್ಕದಲ್ಲಿ ಕೂಡಿಬಂದುದು ಇಲ್ಲಿ.

ಇದೇ ಹೊಸ್ತಿಲನ್ನು ಬೇರೆ ದಾರಿಗಳಿಂದ ಹುಡುಕಿದವರೂ ಉಂಟು. ಜರ್ಮನಿಯ ಮಾಡರ್ ಮತ್ತು ಸಂಗಡಿಗರು ೧೯೭೬ರಲ್ಲಿ ರಕ್ತದ ಲ್ಯಾಕ್ಟೇಟ್ ಲೀಟರಿಗೆ ೪ ಮಿಲಿಮೋಲ್ ಮುಟ್ಟುವ ಮಟ್ಟವನ್ನು ಗುರುತಾಗಿಟ್ಟರು; ಆದರೆ ಆ ಗುರುತು ಎಲ್ಲರ ರಕ್ತಕ್ಕೂ ಒಂದೇ ಸಮನಾಗಿ ಹೊಂದುವುದಿಲ್ಲವೆಂದು ಮುಂದೆ ತಿಳಿದುಬಂದಿತು. ಇಟಲಿಯ ಕೊಂಕೋನಿ ೧೯೮೨ರಲ್ಲಿ ನಾಡಿಯ ಬಡಿತದ ಏರಿಕೆಯಲ್ಲಿ ಕಾಣುವ ಬಾಗನ್ನು ಗುರುತೆಂದನು; ಅನೇಕರಲ್ಲಿ ಆ ಬಾಗು ಸ್ಪಷ್ಟವಾಗಿ ಕಾಣದೆಂದು ಬೇರೆಯವರು ಆಕ್ಷೇಪಿಸಿದರು. ೧೯೮೬ರಲ್ಲಿ ಜರ್ಮನಿಯ ಇಂಜಿನಿಯರ್ ಉಲ್ರಿಚ್ ಶೋಬರರ್ ಸೈಕಲ್ಲಿನ ತುಳಿಗಾಲಿನ ಬುಡದಲ್ಲಿಯೇ ಎಳೆತವನ್ನು ಅಳೆಯುವ ಸೂಕ್ಷ್ಮ ತಂತಿಗಳನ್ನಿಟ್ಟು, ಸಾಮರ್ಥ್ಯಮಾಪಕವನ್ನು ಪ್ರಯೋಗಶಾಲೆಯಿಂದ ರಸ್ತೆಗೆ ತಂದನು. ಅಲ್ಲಿಂದ ಮುಂದೆ ಸವಾರನ ಪ್ರತಿಯೊಂದು ಕ್ಷಣದ ವ್ಯಾಟ್ ಬರಹಕ್ಕೆ ಬಂದಿತು.

ಬರಹಕ್ಕೆ ಬಂದುದನ್ನು ಅಭ್ಯಾಸಕ್ಕೆ ಬಳಸುವ ಕ್ರಮವನ್ನು ಅಮೆರಿಕೆಯ ಆಂಡ್ರೂ ಕೊಗನ್ ರೂಪಿಸಿದನು. ಅವನೂ ಹಂಟರ್ ಆಲನ್ನನೂ ಕೂಡಿ ೨೦೦೬ರಲ್ಲಿ ಪ್ರಕಟಿಸಿದ ಗ್ರಂಥದಿಂದ ಅದು ಹಬ್ಬಿತು. ಸುಮಾರು ಒಂದು ಗಂಟೆ ತಾಳಬಹುದಾದ ಸಾಮರ್ಥ್ಯವೇ ಇವರ ಹೊಸ್ತಿಲು. ಒಂದು ಗಂಟೆಯ ಪರೀಕ್ಷೆ ಕಠಿನವಾದುದರಿಂದ ೨೦ ನಿಮಿಷ ಪೂರ್ಣಬಲದಿಂದ ತುಳಿದು, ಬಂದ ಸರಾಸರಿಯಲ್ಲಿ ನೂರಕ್ಕೆ ೯೫ ಪಾಲನ್ನು ಹೊಸ್ತಿಲೆಂದು ಹಿಡಿಯುವುದು ವಾಡಿಕೆಯಾಯಿತು. ಈ ಹೊಸ್ತಿಲೂ ಮೊನೊ-ಶೆರೆರರ ಕ್ರಾಂತಿಕ ಸಾಮರ್ಥ್ಯವೂ ಸರ್ವಾಂಶದಲ್ಲಿ ಒಂದೇ ಅಲ್ಲ. ಎರಡನೆಯದು ಸಾಮಾನ್ಯವಾಗಿ ತುಸು ಮೇಲಿರುವುದು. ಆದರೂ ಎರಡೂ ಒಂದೇ ಬಾಗಿಲಿನ ಹತ್ತಿರ ನಮ್ಮನ್ನು ನಿಲ್ಲಿಸುವುವು.

(೫)

ಹೊಸ್ತಿಲು ಗೊತ್ತಾದ ಮೇಲೆ ವಲಯಗಳನ್ನು ಎಣಿಸುವುದು ಸುಲಭ. ಒಬ್ಬ ಸವಾರನನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ಅವನು ಒಂದು ದಿನ ೩ ನಿಮಿಷ ಪೂರ್ಣಬಲದಿಂದ ತುಳಿದು ಸರಾಸರಿ ೩೦೦ ವ್ಯಾಟ್ ತೋರಿದನು. ಇನ್ನೊಂದು ದಿನ ೧೨ ನಿಮಿಷ ತುಳಿದು ೨೪೦ ವ್ಯಾಟ್ ತೋರಿದನು. ಮೊದಲ ದಿನದ ಕೆಲಸ ೫೪,೦೦೦ ಜೂಲ್. ಎರಡನೆಯ ದಿನದ್ದು ೧,೭೨,೮೦೦ ಜೂಲ್. ವ್ಯತ್ಯಾಸವಾದ ೧,೧೮,೮೦೦ ಜೂಲನ್ನು ಕಾಲದ ವ್ಯತ್ಯಾಸವಾದ ೫೪೦ ಸೆಕೆಂಡುಗಳಿಂದ ಭಾಗಿಸಿದರೆ ೨೨೦ ವ್ಯಾಟ್ ದೊರೆಯುತ್ತದೆ. ಇದು ಅವನ ಹೊಸ್ತಿಲು. ೩ ನಿಮಿಷದಲ್ಲಿ ಈ ಬರದಿಂದ ಒದಗಿದುದು ೩೯,೬೦೦ ಜೂಲ್. ಉಳಿದ ೧೪,೪೦೦ ಜೂಲ್ ಅವನ ಹಗೇವು.

೨೨೦ ವ್ಯಾಟಿನ ಹೊಸ್ತಿಲಿಗೆ ಕೊಗನ್ನನ ವಲಯಗಳು ಹೀಗಾಗುವುವು. ನೂರಕ್ಕೆ ೫೫ರ ಒಳಗೆ, ಎಂದರೆ ೧೨೧ ವ್ಯಾಟಿನ ಒಳಗೆ, ದಣಿವಾರಿಸುವ ಸವಾರಿ. ೧೨೩ರಿಂದ ೧೬೫ರವರೆಗೆ ದೀರ್ಘ ತಾಳಿಕೆಯ ಅಭ್ಯಾಸ. ಸವಾರನು ಜೊತೆಯವನೊಡನೆ ತಡೆಯಿಲ್ಲದೆ ಮಾತನಾಡುತ್ತ ಸಾಗಬಲ್ಲನು. ೧೬೭ರಿಂದ ೧೯೮ರವರೆಗೆ ಚುರುಕಿನ ನಡೆ. ೨೦೦ರಿಂದ ೨೩೧ರವರೆಗೆ ಹೊಸ್ತಿಲಿನ ಅಭ್ಯಾಸ. ೨೩೩ರಿಂದ ೨೬೪ರವರೆಗೆ ಉಸಿರಿನ ಪರಮಾವಧಿಯನ್ನು ಬೆಳೆಸುವ ಕೆಲವೇ ನಿಮಿಷಗಳ ಓಟಗಳು. ೨೬೬ರಿಂದ ೩೩೦ರವರೆಗೆ ಹಗೇವನ್ನು ಬೇಗನೆ ತೋಡುವ ಓಟಗಳು. ಇದಕ್ಕೂ ಮೇಲಿನದು ಕ್ಷಣಿಕವಾದ ಪೂರ್ಣಬಲ. ಸಂಗ್ರಾಣಿ ಕಲ್ಲಿನ ವಲಯವೆಂದು ಅದನ್ನು ಕರೆಯಬಹುದು.

ಈಗ ೨೦ ನಿಮಿಷದ ವಾಡಿಕೆಯನ್ನು ಒರೆಹಚ್ಚಿ ನೋಡೋಣ. ಮೇಲಿನ ಸವಾರನು ೨೦ ನಿಮಿಷದಲ್ಲಿ ತನ್ನ ಹಗೇವನ್ನೆಲ್ಲ ಹಂಚಿ ವೆಚ್ಚಮಾಡಿದರೆ ಸೆಕೆಂಡಿಗೆ ೧೨ ಜೂಲ್ ಹೆಚ್ಚಾಗಿ ಸರಾಸರಿ ೨೩೨ ವ್ಯಾಟ್ ಬರುವುದು. ಅದರ ೯೫ ಪಾಲು ೨೨೦. ಲೆಕ್ಕ ಸರಿಹೊಂದಿತು. ಆದರೆ ಅದೇ ೨೨೦ ವ್ಯಾಟಿನ ಹೊಸ್ತಿಲುಳ್ಳ ಮತ್ತಿಬ್ಬರಿರಲಿ. ಒಬ್ಬನ ಹಗೇವು ೨೪,೦೦೦ ಜೂಲ್, ಇನ್ನೊಬ್ಬನದು ೯,೬೦೦ ಜೂಲ್. ಮೊದಲನೆಯವನು ೨೦ ನಿಮಿಷಕ್ಕೆ ೨೪೦ ವ್ಯಾಟ್ ತೋರಿ ೨೨೮ರ ಹೊಸ್ತಿಲೆಂದು ಬರೆಯಿಸಿಕೊಳ್ಳುವನು. ಎರಡನೆಯವನು ೨೨೮ ವ್ಯಾಟ್ ತೋರಿ ಸುಮಾರು ೨೧೭ ಎಂದು ಬರೆಯಿಸಿಕೊಳ್ಳುವನು. ತಾಳಿಕೆಯಲ್ಲಿ ಸರಿಸಮಾನರಾದ ಇಬ್ಬರ ನಡುವೆ ೧೧ ವ್ಯಾಟಿನ ಅಂತರವು ಕಾಗದದ ಮೇಲೆ ಹುಟ್ಟಿಕೊಂಡಿತು.

ಪುಸ್ತಕದ ಲೆಕ್ಕದಲ್ಲಿ ೧೧ ವ್ಯಾಟ್ ಅಲ್ಪ. ಆದರೆ ಆಯ್ಕೆಯ ಮೈದಾನದಲ್ಲಿ ಅದು ಅಲ್ಪವಲ್ಲ. ಒಂದು ನಿಲಯದಲ್ಲಿ ಸ್ಥಳವೊಂದೇ ಉಳಿದು, ಅಂಕೆಯೊಂದನ್ನೇ ನೋಡಿ ಆರಿಸುವುದಾದರೆ ಒಬ್ಬನಿಗೆ ಊಟ, ವಸತಿ, ಸೈಕಲ್ಲು ದೊರೆಯುವುವು. ಇನ್ನೊಬ್ಬನು ಗಂಟು ಕಟ್ಟಿಕೊಂಡು ಊರಿಗೆ ಹಿಂದಿರುಗಿ ಹೊಲಕ್ಕಿಳಿಯುವನು. ಮೂರು ನಾಲ್ಕು ಗಂಟೆಯ ರಸ್ತೆಯ ಪಂದ್ಯದಲ್ಲಿ ಈ ಎರಡನೆಯವನು ಮೊದಲನೆಯವನಿಗೆ ತಾಳಿಕೆಯಲ್ಲಿ ಕಡಿಮೆಯೇನೂ ಅಲ್ಲ. ದೊಡ್ಡ ಹಗೇವು ವ್ಯರ್ಥವೆಂದು ಇದರ ಅರ್ಥವಲ್ಲ. ಕೊನೆಯ ಜಿಗಿತಕ್ಕೂ ಪಥದ ಮೇಲಿನ ಚಿಕ್ಕ ಪಂದ್ಯಗಳಿಗೂ ಅದೇ ಆಧಾರ. ಎರಡು ಗುಣಗಳನ್ನು ಒಂದೇ ಅಂಕೆಯಲ್ಲಿ ಬೆರೆಸಿ, ಬೆರೆಸಿದುದನ್ನು ಮರೆತುಬಿಡುವುದೇ ದೋಷ.

(೬)

ಸ್ಥಳದ ಗುಣವೂ ಈ ಪರೀಕ್ಷೆಯನ್ನು ಬಾಧಿಸುವುದು. ಬೆಟ್ಟದ ನಾಡಿನವರಿಗೆ ಮಾಪಕವಿಲ್ಲದೆಯೂ ಒಂದು ಉಪಾಯವುಂಟು. ಏರಿದ ಎತ್ತರ, ತೂಕ, ಕಾಲ ಇವು ಮೂರು ತಿಳಿದರೆ ಸಾಮರ್ಥ್ಯದ ಹೆಚ್ಚಿನ ಭಾಗವನ್ನು ಎಣಿಸಿ ತೆಗೆಯಬಹುದು. ಸವಾರನೂ ಸೈಕಲ್ಲೂ ಕೂಡಿ ೭೦ ಕಿಲೋಗ್ರಾಂ ತೂಗಿ, ೬೦ ಮೀಟರ್ ಎತ್ತರವನ್ನು ೫ ನಿಮಿಷದಲ್ಲಿ ಏರಿದರೆ ಏರಿಕೆಗಾಗಿಯೇ ಸುಮಾರು ೧೩೭ ವ್ಯಾಟ್ ವೆಚ್ಚವಾಗಿದೆ. ಆದರೆ ಇಂಡಿ, ಸಿಂದಗಿಗಳ ಬಯಲಿನಲ್ಲಿ ಅಂತಹ ದೀರ್ಘವಾದ ಏರನ್ನು ಎಲ್ಲಿಂದ ತರುವುದು? ಇಲ್ಲಿ ಸವಾರನ ಎದುರಾಳಿ ಬೆಟ್ಟವಲ್ಲ, ಗಾಳಿ.

ಮುಂಗಾರಿನ ತಿಂಗಳುಗಳಲ್ಲಿ ಗಾಳಿಯು ಪಡುವಣ ದಿಕ್ಕಿನಿಂದ ಬೀಸುವುದು. ವಿಜಯಪುರದಿಂದ ಸಿಂದಗಿಯ ರಸ್ತೆ ಹೆಚ್ಚುಕಡಿಮೆ ನೇರ ಪೂರ್ವಕ್ಕೆ ಹೋಗುವುದು. ಗಂಟೆಗೆ ೩೬ ಕಿಲೋಮೀಟರಿನಂತೆ ಹೋಗುವ ಸವಾರನಿಗೆ ಬೆನ್ನಿಗೆ ೧೦ ಕಿಲೋಮೀಟರಿನ ಗಾಳಿಯಿದ್ದರೆ ಗಾಳಿಯ ತಡೆಯು ಶಾಂತ ದಿನದ ಅರ್ಧಕ್ಕಿಂತ ಸ್ವಲ್ಪ ಮಾತ್ರ ಹೆಚ್ಚು. ಹಿಂದಿರುಗುವಾಗ ಅದೇ ಗಾಳಿ ಎದೆಗೆ ಬಂದರೆ ತಡೆಯು ಶಾಂತ ದಿನದ ಒಂದೂವರೆ ಪಟ್ಟನ್ನೂ ಮೀರುವುದು. ಗಾಳಿಯಿಲ್ಲದ ದಿನದಲ್ಲಿಯೂ ವೇಗವನ್ನು ನೂರಕ್ಕೆ ೧೦ರಷ್ಟು ಹೆಚ್ಚಿಸಲು ಗಾಳಿಯ ಸಲುವಾಗಿ ನೂರಕ್ಕೆ ೩೩ರಷ್ಟು ಹೆಚ್ಚು ಸಾಮರ್ಥ್ಯ ಬೇಕು. ಆದುದರಿಂದ ಕಿಲೋಮೀಟರುಗಳ ಲೆಕ್ಕದಿಂದ ಅಭ್ಯಾಸ ಮಾಡುವವನು ತನ್ನ ಬಲವನ್ನು ಅಳೆಯದೆ ಗಾಳಿಯ ಬಲವನ್ನು ಅಳೆದಂತಾಗುವುದು. ಹೋಗುವಾಗ ಹಿಗ್ಗಿ, ಬರುವಾಗ ಕುಗ್ಗಿ, ವೇಗವನ್ನು ಕಾಪಾಡಲೆಂದು ಎದುರುಗಾಳಿಯಲ್ಲಿ ತುಳಿದು ತುಳಿದು ಹಗೇವನ್ನು ದಿನವೂ ಬರಿದುಮಾಡಿಕೊಂಡವನು ಪಂದ್ಯದ ದಿನ ಬರಿಗೈಯವನಾಗುವನು.

ಬಿಸಿಲಿನ ವಿಷಯವೂ ಹೀಗೆಯೇ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿಯ ಹಗಲು ೪೦ ಡಿಗ್ರಿ ಮುಟ್ಟುವುದುಂಟು. ಆಗ ಮೈಯನ್ನು ತಣ್ಣಗಿಡಲು ರಕ್ತದ ಒಂದು ಪಾಲು ಚರ್ಮದ ಕಡೆಗೆ ಹರಿಯುವುದರಿಂದ ಅದೇ ವ್ಯಾಟಿಗೆ ನಾಡಿಯು ಹೆಚ್ಚು ಬಡಿಯುವುದು, ತಾಳಿಕೆಯು ಇಳಿಯುವುದು. ಜನವರಿಯ ತಂಪಿನಲ್ಲಿ ತೆಗೆದ ಅಂಕೆಯನ್ನು ಏಪ್ರಿಲಿನ ಮಧ್ಯಾಹ್ನದಲ್ಲಿ ಪ್ರಮಾಣವೆಂದು ಹಿಡಿದರೆ ಸವಾರನು ಸೋಮಾರಿಯೆಂಬ ಅಪವಾದಕ್ಕೆ ಗುರಿಯಾಗುವನೇ ಹೊರತು ಸತ್ಯ ಹೊರಬೀಳದು.

(೭)

ಮೇಲಿನ ವಿಚಾರದಿಂದ ಮೂರು ನಿರ್ಣಯಗಳಿಗೆ ಬರಬಹುದೆಂದು ತೋರುವುದು.

ಮೊದಲನೆಯದಾಗಿ, ಪರೀಕ್ಷೆಯು ಒಂದಲ್ಲ, ಎರಡಾಗಿರಬೇಕು. ಒಂದು ಚಿಕ್ಕದು, ಒಂದು ದೊಡ್ಡದು. ಬೇರೆ ಬೇರೆ ದಿನಗಳಲ್ಲಿ, ಒಂದೇ ಹೊತ್ತಿನಲ್ಲಿ, ಗಾಳಿಯಿಲ್ಲದ ಕೋಣೆಯಲ್ಲಿ ನಿಂತ ಸೈಕಲ್ಲಿನ ಮೇಲೆ ನಡೆದರೆ ಉತ್ತಮ. ಸಾಮರ್ಥ್ಯಮಾಪಕದ ಬೆಲೆ ಸಾಮಾನ್ಯ ಸೈಕಲ್ಲಿನ ಬೆಲೆಯನ್ನು ಮೀರುವುದು. ಪ್ರತಿಯೊಬ್ಬ ಒಕ್ಕಲಿಗನ ಮಗ, ಮಗಳೂ ಅದನ್ನು ಕೊಳ್ಳಲಾರರು. ಆದರೆ ಒಂದೇ ಮಾಪಕದಿಂದ ಒಂದು ತಂಡದ ಎಲ್ಲರನ್ನೂ ಸರದಿಯಂತೆ ಪರೀಕ್ಷಿಸಲು ಅಡ್ಡಿಯಿಲ್ಲ. ಎರಡನೆಯದಾಗಿ, ಪರೀಕ್ಷೆಯನ್ನು ಋತುವಿಗೊಮ್ಮೆಯಾದರೂ ಹೊಸದಾಗಿ ಮಾಡಿ, ಅಂಕೆಯ ಬದಿಯಲ್ಲಿ ದಿನ, ಹೊತ್ತು, ಶಾಖಗಳನ್ನು ಬರೆದಿಡಬೇಕು. ಮೂರನೆಯದಾಗಿ, ವಲಯದ ಪಟ್ಟಿಯು ಅಭ್ಯಾಸಕ್ಕೆ ದಾರಿ ತೋರಿಸತಕ್ಕುದೇ ಹೊರತು ಆಯ್ಕೆಗೆ ತೀರ್ಪು ಕೊಡತಕ್ಕುದಲ್ಲ.

ಹಿಂದಿನ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ ಕೂಡಗಿಯಲ್ಲಿ ಇಂದು ೨,೪೦೦ ಮೆಗಾವ್ಯಾಟಿನ ಶಾಖ ವಿದ್ಯುತ್ ಸ್ಥಾವರವಿದೆ. ೨೪೦ ವ್ಯಾಟ್ ತುಳಿಯುವ ಒಂದು ಕೋಟಿ ಸವಾರರು ಕೂಡಿದರೆ ಅದಕ್ಕೆ ಸಮ. ಅಂತಹ ಲೋಕದಲ್ಲಿ ಒಬ್ಬ ತರುಣನ ಹನ್ನೊಂದು ವ್ಯಾಟಿಗೆ ಇಷ್ಟು ವಿಚಾರವೇಕೆಂದು ಯಾರಾದರೂ ಕೇಳಬಹುದು. ಸ್ಥಾವರದ ಅಂಕೆ ಪೇಟೆಗೆ ಸೇರಿದುದು. ಸವಾರನ ಅಂಕೆ ಅವನ ಬಾಳಿಗೆ ಸೇರಿದುದು. ತಪ್ಪಾಗಿ ಅಳೆದರೆ ಸ್ಥಾವರಕ್ಕೆ ನಷ್ಟವಾದೀತು. ಸವಾರನಿಗಾದರೋ ಅವಕಾಶವೇ ತಪ್ಪುವುದು.

ಕೊನೆಯದಾಗಿ ಇತಿಹಾಸದ ಅಭ್ಯಾಸಿಗಳಲ್ಲಿ ಒಂದು ವಿಜ್ಞಾಪನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಊರೂರಿನ ಗುಡಿಯ ಮುಂದೆ ಉಳಿದಿರುವ ಸಂಗ್ರಾಣಿ ಕಲ್ಲುಗಳನ್ನು ತೂಗಿ ಬರೆದುಕೊಳ್ಳತಕ್ಕದ್ದು. ಯಾವ ಊರಿನಲ್ಲಿ ಎಷ್ಟು ನೆಲಕ್ಕೆ ಕೂರಿಗೆಯೆಂದು ಹಿರಿಯರು ಹೇಳುವರೋ ಅದನ್ನೂ ಸಂಗ್ರಹಿಸತಕ್ಕದ್ದು. ಜಾತ್ರೆಯ ಸೈಕಲ್ ಪಂದ್ಯಗಳ ಕಾಲದ ಟಿಪ್ಪಣಿಗಳು ಸಿಕ್ಕಿದರೆ ಅವನ್ನೂ ಕಾಪಾಡತಕ್ಕದ್ದು. ಇವೆಲ್ಲ ಕೂಡಿದರೆ ಈ ಸೀಮೆಯ ಜನರು ತಮ್ಮ ಬಲವನ್ನು ತಾವು ಹೇಗೆ ತಿಳಿದುಕೊಂಡರೆಂಬ ಚರಿತ್ರೆಯು ಬರೆಯಲ್ಪಡುವುದು. ಆ ಚರಿತ್ರೆಯ ಇತ್ತೀಚಿನ ಪುಟವೇ ಇಂದಿನ ಸವಾರನ ವ್ಯಾಟಿನ ಪಟ್ಟಿ.